ಬೋರಣ್ಣನ ಕಲ್ಲು

ಕಾಲೇಜಿನಲ್ಲಿ ಏಳುತ್ತಿರುವ ಹೊಸ ಬ್ಲಾಕನ್ನು ಸಿವಿಲ್ ಓದುವ ಮಕ್ಕಳಿಗೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ ಅನ್ನುವ ಸುದ್ದಿಯನ್ನು ಚೈತ್ರ ಮನೆಯಲ್ಲಿ ಹೇಳಿದ್ದು ಸುಮ್ಮನೆ ಮಾತಿಗೆ, ಊಟದ ತಟ್ಟೆಯ ಮುಂದೆ. ಆದರೆ ಅವಳ ಅಜ್ಜಿ ಬೈರಮ್ಮ ಮುದ್ದೆ ಮುರಿಯುತ್ತಿದ್ದ ಕೈಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು.

"ತಗಡಿನ ಒಳಕ್ಕೆ ಬಿಡ್ತಾರಾ ನಿಮ್ಮನ್ನ?"

"ಬಿಡ್ತಾರೆ ಅಜ್ಜಿ. ಇಡೀ ಕ್ಲಾಸೇ ಹೋಗ್ತಿದೆ."

"ಹಂಗಾರೆ ನಿಮ್ ತಾತ ಹೆಂಗವ್ರೆ ಅಂತ ನೋಡ್ಕೊಂಡು ಬಾ. ಆ ಮೂಲೆಗೆ ಮಿಷನ್ ಬಂದೈತಾ ಇಲ್ವಾ ಅಂತ ಕೇಳು. ಬಂದಿಲ್ಲ ಅಂದ್ರೆ ಅವ್ರನ್ನ ಎತ್ಕೊಂಡು ಬರೋದಕ್ಕೆ ಏನ್ ಮಾಡ್ಬೇಕು ಅಂತ ಕೇಳು. ಊರ ಸ್ಮಶಾನದಲ್ಲಿ ಮಣ್ಣು ಮಾಡೋಣ. ನನ್ ಗಂಡನ ಎದೆ ಮೇಲೆ ಬಿಲ್ಡಿಂಗ್ ಕಟ್ಟೋದು ಬ್ಯಾಡ."

ಚೈತ್ರಳ ಅಪ್ಪ ಶಿವರಾಮ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವ್ವಾ, ಮತ್ತೆ ಶುರು ಹಚ್ಕೋಬೇಡ. ಮಾರಿದ್ ಮೇಲೆ ಮುಗೀತು."

"ನೆಲ ಮಾರಿದ್ದು ಕಣೋ. ನಿಮ್ಮಪ್ಪನ್ನೂ ಸೇರ್ಸಿ ಮಾರಿದ್ಯಾ?"

ಶಿವರಾಮ್ ಎದ್ದು ಕೈ ತೊಳೆದುಕೊಂಡ.

ಬಿಳೇಕಹಳ್ಳಿ ಹಳ್ಳಿಯಾಗಿಯೇ ಇದ್ದಾಗ, ಹೊಲ ಇದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಬೋರಣ್ಣನನ್ನೂ ಹಾಗೆಯೇ, ಅವನು ರಾಗಿ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲಿ ಮಲಗಿಸಿ, ತಲೆಯ ಕಡೆ ಸೊಂಟದೆತ್ತರದ ಒಂದು ಕಲ್ಲು ನೆಟ್ಟಿದ್ದರು. ಕೆಲವು ವರ್ಷಗಳ ಮೇಲೆ ಹೊಲ ಕೊಳ್ಳಲು ಕಾಲೇಜಿನವರು ಬಂದರು. ಹೆಣ ಹೂತ ಜಾಗ ಅಂದರೆ ಹಿಂದೆ ಸರಿಯುತ್ತಾರೆ, ಸರಿಯದಿದ್ದರೂ ಕಲ್ಲನ್ನು ಕಿತ್ತು ಬಿಸಾಕುತ್ತಾರೆ ಅನ್ನುವುದು ಮನೆಯವರ ಭಯ. ಉಪಾಯ ಹೊಳೆದದ್ದು ಬೈರಮ್ಮನಿಗೆ. ಅವರು ಜಾಗ ನೋಡಲು ಬರುವ ಹಿಂದಿನ ದಿನ ಹೋಗಿ ಕಲ್ಲಿಗೆ ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಮಗ್ಗುಲಿಗೆ ಒಂದು ಕಬ್ಬಿಣದ ತ್ರಿಶೂಲ ನೆಟ್ಟಳು. ಜಾಗ ನೋಡಲು ಬಂದವರು "ಇದೇನು?" ಅಂದಾಗ ಶಿವರಾಮ್ "ನಮ್ಮ ಮನೆದೇವ್ರು ಸಾರ್, ಮುನೇಶ್ವರ. ಇದೊಂದನ್ನ ಹಿಂಗೇ ಬಿಟ್ಟುಬಿಡಿ" ಅಂದ. ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದರು.

ದೇವರೆಂದ ಮೇಲೆ ಮುಗಿಯಿತಲ್ಲ. ಕಾಂಪೌಂಡು ಬಂತು, ಕ್ಲಾಸ್‌ರೂಮುಗಳು ಬಂದವು, ಕ್ಯಾಂಟೀನು ಬಂತು, ಆ ಮೂಲೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ ಮನೆಯವರು ಮುಚ್ಚಿದ ಪಾತ್ರೆಯಲ್ಲಿ ಎಡೆ ಹೊತ್ತು ಹೋಗುತ್ತಿದ್ದರು. ಸೆಕ್ಯೂರಿಟಿಯವನ ಮುಂದೆ ಬೈರಮ್ಮ "ಸ್ವಾಮೀ, ಕಾಪಾಡಪ್ಪಾ" ಎಂದು ಜೋರಾಗಿ ಕೈ ಮುಗಿಯುವುದು, ಅವನು ಅತ್ತ ಹೋದ ಮೇಲೆ ಎಲೆ ಹಾಸಿ ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ ಇಟ್ಟು ಮಾತಾಡಿಸುವುದು. "ತಿನ್ನಿ, ಉಪ್ಪು ಕಮ್ಮಿ ಆಗಿದ್ರೆ ಸೊಸೆಗೆ ಬಯ್ಯಿರಿ, ನನಗಲ್ಲ." ಬರುವಾಗ ದಾರಿಯಲ್ಲಿ ನಗುತ್ತಿದ್ದಳು. "ಬದುಕಿದ್ದಾಗ ನನ್ ಕೈಲಿ ದಿನಾ ಬೈಸ್ಕೊಳ್ತಿದ್ದ ಮನುಷ್ಯ. ಈಗ ನೋಡು, ಪ್ರಿನ್ಸಿಪಾಲೂ ಅಡ್ಡ ಬೀಳ್ತಾನೆ."

ಬೇಸಿಗೆ ರಜೆಯಲ್ಲಿ ಆ ಕಡೆಗೆಲ್ಲ ನೀಲಿ ತಗಡು ಬಡಿದು ಕೆಲಸ ಶುರು ಮಾಡಿದರು. ಒಳಗೆ ಏನು ನಡೆಯುತ್ತಿದೆ ಎಂದು ಅದೇ ಕಾಲೇಜಿನಲ್ಲಿ ಓದುವ ಚೈತ್ರಳಿಗೂ ಕಾಣುತ್ತಿರಲಿಲ್ಲ. ಶಿವರಾಮ್ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಅವನ ಮನೆಯ ಮೇಲಿನ ಮಹಡಿಗಳ ಪಿಜಿಯಲ್ಲಿ ಇರುವವರೆಲ್ಲ ಆ ಕಾಲೇಜಿನ ಹುಡುಗಿಯರು. "ದೇವ್ರು ಅಂತ ಹೇಳಿ ಈಗ ಹೋಗಿ ಹೆಣ ಅಂದ್ರೆ ನನ್ ಮುಖ ಎಲ್ಲಿಟ್ಕೊಳ್ಲಿ?" ಅನ್ನುವುದು ಅವನ ಮಾತು. ಅಮಾವಾಸ್ಯೆ ಹತ್ತಿರ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಮೋಡ ಮುಚ್ಚಿಕೊಂಡಿತ್ತು. ತಗಡಿನ ಬಾಗಿಲ ಬಳಿ ಎಲ್ಲರಿಗೂ ಹಳದಿ ಹೆಲ್ಮೆಟ್ ಹಂಚಿದರು. ಚೈತ್ರಳ ಕ್ಲಾಸಿನ ಮೋಹಿತ್ ತನ್ನದನ್ನು ಮೂಸಿ ನೋಡಿ ಮುಖ ಕಿವುಚಿದ.

"ಮಗಾ, ಇದ್ರೊಳಗೆ ಯಾರೋ ಪಲಾವ್ ಪಾರ್ಸಲ್ ತಂದವ್ರೆ ಗುರು."

"ಹಾಕ್ಕೊಳೋ, ನಿನ್ ತಲೇಲಿ ಬೇರೆ ಏನೂ ಇಲ್ವಲ್ಲ," ಅಂದಳು ಹಿಂದಿನಿಂದ ಯಾರೋ ಹುಡುಗಿ. ಎಲ್ಲರೂ ನಕ್ಕರು. ಚೈತ್ರಳೂ ನಕ್ಕಳು, ಆದರೆ ಕಣ್ಣು ಬಾಗಿಲ ಸಂದಿಯಲ್ಲೇ ಇತ್ತು.

ಒಳಗೆ ಕಾಲಿಟ್ಟ ಕೂಡಲೇ ಅವಳು ಮೂಲೆ ಹುಡುಕಿದಳು. ಆಚೆ ಕಡೆಯ ಅಪಾರ್ಟ್‌ಮೆಂಟಿನ ಹಸಿರು ಗೋಡೆ ಅಲ್ಲೇ ಇತ್ತು. ಅದರ ಮುಂದಿನ ಹೊಂಗೆ ಮರದ ಅರ್ಧ ಕೊಂಬೆ ಕಡಿದಿದ್ದರು, ಮರವೂ ಇತ್ತು. ಮರದ ಕೆಳಗೆ ನೆಲ ಇರಲಿಲ್ಲ. ಅಗೆದ ಮಣ್ಣಿನ ಗುಡ್ಡೆ ಇರಬಹುದು, ಅಥವಾ ಪಾಯದ ಕಂಬಿ ಇರಬಹುದು ಅಂದುಕೊಂಡು ಬಂದಿದ್ದಳು ಹುಡುಗಿ. ಏನೂ ಇಲ್ಲದಿರುವುದಕ್ಕೆ ಅವಳು ತಯಾರಾಗಿರಲಿಲ್ಲ. ಎರಡು ನೆಲಮಾಳಿಗೆಯಷ್ಟು ಆಳದ ಗುಂಡಿ. ಕಲ್ಲಿದ್ದ ಜಾಗದಲ್ಲಿ ಗಾಳಿ ಇತ್ತು. ಬಹಳ ಕೆಳಗೆ ಇಬ್ಬರು ಹೆಂಗಸರು ನೀರು ಬಾಚುತ್ತಿದ್ದರು.

ಲೆಕ್ಚರರ್ ಚಿದಾನಂದ್ ಸಾರ್ ಗುಂಡಿಯ ಅಂಚಿನಲ್ಲಿ ನಿಂತು ಪಾಠ ಶುರು ಮಾಡಿದ್ದರು. "ನೋಡ್ರಪ್ಪ, ಬುಕ್ಕಲ್ಲಿ ಓದೋದು ಬೇರೆ, ಕಣ್ಣಲ್ಲಿ ನೋಡೋದು ಬೇರೆ. ಮಣ್ಣು ಜರಿದೇ ಇರೋಕೆ ಸೈಡಲ್ಲಿ ಏನ್ ಮಾಡಿದಾರೆ ಹೇಳಿ. ಮೋಹಿತ್, ಫೋಟೋ ಆಮೇಲೆ ತೆಗಿ, ಬಿದ್ರೆ ನಿಮ್ಮಪ್ಪಂಗೆ ನಾನು ಉತ್ತರ ಹೇಳ್ಬೇಕು." ಆಮೇಲೆ ಸೈಟಿನ ಸೂಪರ್‌ವೈಸರ್ ಗೌರೀಶಂಕರನನ್ನು ಪರಿಚಯ ಮಾಡಿಸಿದರು. ನಲವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ಕುಂಕುಮ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. "ಏನೇ ಡೌಟ್ ಇದ್ರೂ ಕೇಳಿ ಮಕ್ಳಾ, ನನಗೆ ಗೊತ್ತಿರೋದನ್ನ ಹೇಳ್ತೀನಿ, ಗೊತ್ತಿಲ್ದೆ ಇರೋದನ್ನ ಇನ್ನೂ ಜೋರಾಗಿ ಹೇಳ್ತೀನಿ," ಅಂದು ತಾನೇ ನಕ್ಕ.

ಚೈತ್ರ ಅವನ ಹತ್ತಿರ ಹೋದಳು. "ಸಾರ್, ಆ ಮೂಲೇಲಿ ಒಂದು ಕಲ್ಲಿತ್ತಲ್ಲ. ಅರಿಶಿನ ಹಚ್ಚಿದ್ದು..."

ಗೌರೀಶಂಕರನ ಮುಖ ಅರಳಿತು. "ಅಯ್ಯೋ, ಸ್ವಾಮಿ ವಿಚಾರ ಕೇಳ್ತಿದೀರಾ! ಬನ್ನಿ ಮೇಡಂ, ಬನ್ನಿ. ಕಬ್ಬಿಣ ಎಲ್ಲಾ ಸೈಟಲ್ಲೂ ನೋಡ್ಬೋದು. ಇದನ್ನ ನೋಡ್ಬೇಕು ನೀವು."

ಕ್ಲಾಸಿನವರೆಲ್ಲ ಕಂಬಿ ಕತ್ತರಿಸುವ ಕಡೆಗೆ ಹೋದರು. ಗೌರೀಶಂಕರ ಚೈತ್ರಳನ್ನು ತಗಡಿನ ಪಕ್ಕದಲ್ಲೇ ನಡೆಸಿಕೊಂಡು, ಸೈಟಿನ ಹಿಂದಿನ ಗೇಟಿನ ಬಳಿ ತಂದು ನಿಲ್ಲಿಸಿದ. ಅಲ್ಲೊಂದು ಗುಡಿ ಇತ್ತು. ಆಳೆತ್ತರದ್ದು. ಕಪ್ಪು ಗ್ರಾನೈಟು, ಸ್ಟೀಲಿನ ಬಾಗಿಲು, ಒಳಗೆ ನೀಲಿ ಬಲ್ಬಿನ ಸರ. ಮೇಲೆ "ಶ್ರೀ ಮುನೇಶ್ವರ ಸ್ವಾಮಿ ಪ್ರಸನ್ನ" ಎಂದು ಬರೆಸಿದ್ದರು. ಅದರೊಳಗೆ ಅವಳ ತಾತನ ತಲೆದೆಸೆಯ ಕಲ್ಲು ನಿಂತಿತ್ತು. ಕಲ್ಲಿಗೆ ಬೆಳ್ಳಿಯ ಎರಡು ಕಣ್ಣು ಅಂಟಿಸಿದ್ದರು. ಮೀಸೆಯನ್ನೂ ಇಟ್ಟಿದ್ದರು.

"ಹೆಂಗಿದೆ?" ಅಂದ ಗೌರೀಶಂಕರ. ಮನೆ ಕಟ್ಟಿಸಿದವನು ಮೊದಲ ನೆಂಟರನ್ನು ಕೇಳುವ ಹಾಗೆ ಕೇಳಿದ. "ಜೆಸಿಬಿಯವ್ನು ಮುಟ್ಟಲ್ಲ ಅಂದ್ಬಿಟ್ಟ ಮೇಡಂ. ಮೂಟೆ ದುಡ್ಡು ಕೊಟ್ರೂ ಮುಟ್ಟಲ್ಲ, ನನಗೆ ಹೆಂಡ್ತಿ ಮಕ್ಳವ್ರೆ ಅಂದ. ಕೆಲ್ಸ ನಿಂತೋಯ್ತು. ಆಮೇಲೆ ನಾನೇ ಮ್ಯಾನೇಜ್‌ಮೆಂಟ್ ಜೊತೆ ಕೂತು ಮಾತಾಡ್ದೆ. ಜಯನಗರದಿಂದ ಪುರೋಹಿತ್ರು ಬಂದ್ರು. ದೇವ್ರನ್ನ ಕಲ್ಲಿಂದ ಕಳಶಕ್ಕೆ ಇಳಿಸಿ, ಕಲ್ಲನ್ನ ಹತ್ತು ಜನ ಕೈಯಲ್ಲೇ ಎತ್ಕೊಂಡು, ವಾಲಗ ಊದಿಸ್ಕೊಂಡು ಇಲ್ಲಿಗೆ ತಂದು, ಮತ್ತೆ ಕಳಶದಿಂದ ಕಲ್ಲಿಗೆ ತುಂಬಿಸಿದ್ವಿ. ಒಂದು ಚಕ್ಕೆ ಹಾರಿಲ್ಲ. ಈ ಸೈಟಲ್ಲಿ ಇದುವರೆಗೂ ಒಬ್ಬರಿಗೂ ಏಟಾಗಿಲ್ಲ ಗೊತ್ತಾ? ದಿನಾ ಇವ್ರಿಗೆ ಕೈ ಮುಗಿದೇ ನಾವು ಕೆಳಗಿಳಿಯೋದು."

"ಕೆಳಗೆ?" ಅಂದಳು ಚೈತ್ರ.

"ಕೆಳಗೆ ಅಂದ್ರೆ?"

"ಕಲ್ಲು ತೆಗೆದ ಮೇಲೆ. ಅಲ್ಲಿ ಅಗೆದಾಗ ಏನಾದ್ರೂ ಸಿಕ್ತಾ?"

"ಓ, ಅದಾ! ಸಿಕ್ತು ಸಿಕ್ತು. ಮೂಳೆ ಸಿಕ್ತು. ಮುನೇಶ್ವರ ಅಂದ್ಮೇಲೆ ಕುರಿ ಕೋಳಿ ಕಡಿಯೋದು ಇದ್ದೇ ಇರುತ್ತಲ್ಲ, ಹಿಂದಿನವ್ರು ಅಲ್ಲೇ ಹೂತಿರ್ತಾರೆ. ಪುರೋಹಿತ್ರು ಮೈಲಿಗೆ, ಮೊದ್ಲು ಸಾಗ್ಸಿ ಅಂದ್ರು. ಮಣ್ಣಿನ ಜೊತೆ ಟಿಪ್ಪರ್‌ಗೆ ಹಾಕ್ಸಿ ಕಳ್ಸಿಬಿಟ್ವಿ."

ಗುಡಿಯೊಳಗಿನ ನೀಲಿ ಬಲ್ಬುಗಳು ಹತ್ತುತ್ತಿದ್ದವು, ಆರುತ್ತಿದ್ದವು.

"ಎಲ್ಲಿಗೆ ಕಳ್ಸಿದ್ರಿ?"

"ಯಾರು ಮಣ್ಣು ಕೇಳ್ತಾರೋ ಅವ್ರಿಗೆ. ಆಗ ಹುಳಿಮಾವು ಆಚೆ ತಗ್ಗು ಸೈಟುಗಳನ್ನ ತುಂಬಿಸ್ತಿದ್ರು, ಜಾಸ್ತಿ ಅಲ್ಲಿಗೇ ಹೋಯ್ತು. ಯಾವ ಲೋಡು ಯಾವ ಸೈಟಿಗೆ ಅಂತ ಡ್ರೈವರ್‌ಗೇ ನೆನಪಿರಲ್ಲ. ಯಾಕೆ ಮೇಡಂ, ಪ್ರಾಜೆಕ್ಟಿಗಾ?"

ಹೇಳಬಾರದು ಅಂದುಕೊಂಡಿದ್ದಳೋ, ಹೇಗೆ ಹೇಳುವುದು ಎಂದು ತಿಳಿಯದಿದ್ದಳೋ. ಅಂತೂ ಹೇಳಿಬಿಟ್ಟಳು. ಅದು ದೇವರಲ್ಲ ಸಾರ್, ನಮ್ಮ ತಾತ. ಹೆಸರು ಬೋರಣ್ಣ. ಈ ಜಾಗವೆಲ್ಲ ಅವರ ರಾಗಿ ಹೊಲ. ಅಲ್ಲೇ ಮಣ್ಣು ಮಾಡಿದ್ದು. ಕಿತ್ತುಹಾಕುತ್ತೀರಿ ಅಂತ ಹೆದರಿ ನಮ್ಮಜ್ಜಿ ಅರಿಶಿನ ಬಳಿದಳು.

ಗೌರೀಶಂಕರ ಮೊದಲು ನಗಲು ನೋಡಿದ. ಆಮೇಲೆ ಹುಡುಗಿಯ ಮುಖ ನೋಡಿದ. ಗುಡಿಯ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತುಕೊಂಡ.

"ಒಂದು ದೊಡ್ಡದಿತ್ತು," ಅಂದ. "ತೊಡೆ ಮೂಳೆ. ನಾನೇ ಕೈಯಲ್ಲಿ ಹಿಡ್ದು ನೋಡ್ದೆ. ಕುರಿದು ಇಷ್ಟುದ್ದ ಇರಲ್ವಲ್ಲ ಅಂದೆ. ಕೋಣ ಕಡಿದಿರ್ತಾರೆ ಬಿಡಿ ಅಂದ್ರು ಯಾರೋ. ಹೌದೇನೋ ಅಂದ್ಕೊಂಡೆ." ತನ್ನ ಅಂಗೈ ನೋಡಿಕೊಂಡ. ಪ್ಯಾಂಟಿಗೆ ಒರೆಸಿಕೊಂಡ. ಹಾಗೆ ಒರೆಸಿದ್ದು ತಪ್ಪಾಯಿತು ಅನ್ನಿಸಿತೋ ಏನೋ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ. "ಮನುಷ್ಯರದ್ದು ಅಂತ ಒಬ್ರು ಒಂದು ಮಾತು ಹೇಳಿದ್ರೆ ಸಾಕಾಗಿತ್ತು ಮೇಡಂ. ಕೆಲ್ಸ ನಿಲ್ಸಿ, ನಿಮ್ಮನೆ ಬಾಗ್ಲಿಗೆ ಬಂದು ಕೊಟ್ಟು ಹೋಗ್ತಿದ್ದೆ. ನಮ್ಮಪ್ಪನ್ನೂ ಹೊಲದಲ್ಲೇ ಮಾಡಿರೋದು. ನನಗೆ ಗೊತ್ತಾಗ್ತಿರ್ಲಿಲ್ವಾ? ದೇವ್ರು ಅಂದ್ಬಿಟ್ರಲ್ಲ ನೀವು."

ಚೈತ್ರ ಕಲ್ಲಿನ ಬೆಳ್ಳಿ ಕಣ್ಣುಗಳತ್ತ ನೋಡಿದಳು.

"ಒಂದು ಮಾತು. ಮೇಲಿನವ್ರಿಗೆ ಇದನ್ನ ಹೇಳ್ಬೇಡಿ. ಸಮಾಧಿ ಕಲ್ಲು ಅಂತ ಗೊತ್ತಾದ್ರೆ ನಾಳೇನೇ ಇದನ್ನೂ ಟಿಪ್ಪರ್ ಹತ್ತಿಸ್ತಾರೆ. ಇದಾದ್ರೂ ಇರ್ಲಿ." ಎದ್ದವನು ಅಭ್ಯಾಸಬಲದಿಂದ ಕಲ್ಲಿಗೆ ಕೈ ಮುಗಿದ. ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ಸಂಜೆ ಬೈರಮ್ಮ ಮನೆಯ ಮುಂದಿನ ಚಪ್ಪಡಿಯ ಮೇಲೆ, ಪಿಜಿ ಹುಡುಗಿಯರ ಚಪ್ಪಲಿಗಳ ನಡುವೆ ಕೂತು ಕಾಯುತ್ತಿದ್ದಳು. ಚೈತ್ರ ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಮೊದಲು ಗುಡಿಯ ವಿಷಯ ಹೇಳಿದಳು. ಗ್ರಾನೈಟು, ಲೈಟು, ವಾಲಗ, ಬೆಳ್ಳಿ ಕಣ್ಣು.

"ಮೀಸೆ ಬ್ಯಾರೆ ಇಟ್ಟವ್ರಾ?" ಬೈರಮ್ಮನಿಗೆ ನಗು ತಡೆಯಲಿಲ್ಲ. "ಮೀಸೆ ಬಿಡಿ ಮೀಸೆ ಬಿಡಿ ಅಂತ ಬಡ್ಕೊಂಡ್ರೂ ಬಿಡ್ಲಿಲ್ಲ ಪುಣ್ಯಾತ್ಮ." ನಕ್ಕು ಕಣ್ಣೊರೆಸಿಕೊಂಡು, "ಸರಿ, ಕಲ್ಲಾಯ್ತು. ಅವ್ರೆಲ್ಲಿ?" ಅಂದಳು.

ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಚೈತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಾಗಿಲಲ್ಲಿ ಶಿವರಾಮ್ ಬಂದು ನಿಂತಿದ್ದ. ಅವನೂ ಕೇಳಿಸಿಕೊಂಡ.

ಬೈರಮ್ಮ ಮುಂದಿದ್ದ ಒಂದು ಜೊತೆ ಚಪ್ಪಲಿಯನ್ನು ಸರಿಯಾಗಿ ಜೋಡಿಸಿಟ್ಟಳು.

"ಕೋಣ ಅಂದ್ಕೊಂಡ್ರಾ?"

"ಅಜ್ಜಿ..."

"ಅವ್ರದೇನು ತಪ್ಪು ಬುಡು. ಮುನೇಶ್ವರನ ಕಾಲಡಿ ಮನುಷ್ಯ ಅವ್ನೆ ಅಂತ ಯಾರಿಗೆ ಹೊಳೆದಾತು." ಸೆರಗು ಹೊದ್ದುಕೊಂಡಳು. "ಶಿವಾ, ಅಮಾಸೆಗೆ ಕಾರ್ ತಗಿ. ಕಲ್ಲಾದ್ರೂ ನೋಡ್ತೀನಿ."

ಶಿವರಾಮ್ ಒಳಗೆ ಹೋಗಿ ಟೀವಿ ಆರಿಸಿದ.

ಅಮಾವಾಸ್ಯೆಯ ದಿನ ಮೂವರೂ ಹೋದರು. ಗೌರೀಶಂಕರ ಹಿಂದಿನ ಗೇಟು ತೆಗೆಸಿ, ಬೈರಮ್ಮನ ಎದುರು ನಿಲ್ಲಲಾರದೆ ಕೆಲಸದ ನೆಪ ಹೇಳಿ ಗುಂಡಿಯ ಕಡೆ ಹೋಗಿಬಿಟ್ಟ. ಗುಡಿಯ ಮುಂದೆ ಕೆಲಸಗಾರರು ಸಾಲು ನಿಂತಿದ್ದರು. ಹೊಸದಾಗಿ ಬಂದಿದ್ದ ಪೂಜಾರಿ, ಚಿಕ್ಕ ವಯಸ್ಸಿನವನು, ಬೈರಮ್ಮನ ಕೈಲಿದ್ದ ಪಾತ್ರೆಯ ವಾಸನೆ ಹಿಡಿದ.

"ಅಮ್ಮಾ, ಇದೇನು ಮಾಂಸಾನಾ? ಇಲ್ಲಿ ಅದೆಲ್ಲ ನಡೆಯಲ್ಲಮ್ಮ. ಶುದ್ಧ ಮಾಡಿ ಪ್ರತಿಷ್ಠೆ ಮಾಡಿರೋದು. ದಯವಿಟ್ಟು ಆಚೆ ಇಟ್ಟು ಬನ್ನಿ."

ಶಿವರಾಮ್ ಪಾತ್ರೆ ತೆಗೆದುಕೊಂಡು ಗೇಟಿನಾಚೆ ಕಾರಿನಲ್ಲಿಟ್ಟು ಬಂದ. ಬೈರಮ್ಮ ಸಾಲಿನಲ್ಲೇ ಮುಂದೆ ಹೋದಳು. ತನ್ನ ಕೈಯಾರೆ ತೊಳೆದು ಅರಿಶಿನ ಬಳಿಯುತ್ತಿದ್ದ ಕಲ್ಲನ್ನು ಸ್ಟೀಲಿನ ಬಾಗಿಲಿನ ಈಚೆಯಿಂದ ನೋಡಿದಳು.

"ಯಾರ ಹೆಸರಲ್ಲಿ ಅರ್ಚನೆ ಅಮ್ಮ?"

"ಬೋರಣ್ಣ."

"ಯಜಮಾನ್ರಾ? ನಕ್ಷತ್ರ?"

"ಗೊತ್ತಿಲ್ಲ ಸ್ವಾಮಿ."

ಪೂಜಾರಿ ಒಳ್ಳೆಯ ಹುಡುಗ. ಗಂಟೆ ಬಾರಿಸಿ, ಬೋರಣ್ಣನವರಿಗೆ ಆಯಸ್ಸು, ಆರೋಗ್ಯ, ಐಶ್ವರ್ಯ ಎಲ್ಲವನ್ನೂ ಆ ಕಲ್ಲಿನ ಹತ್ತಿರ ಬೇಡಿಕೊಂಡ. ಹೂ ಕೊಡುತ್ತಾ, "ಹುಷಾರಾಗ್ತಾರೆ ಬಿಡಿ," ಅಂದ. ಬೈರಮ್ಮ ಹೂವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದಳು.

ಕಾರಿನಲ್ಲಿ ಕೂತ ಮೇಲೆ ಶಿವರಾಮ್ ಕೀ ತಿರುಗಿಸಿ, "ಮನೇಲೇ ಇಟ್ಬಿಡೋಣ ಅವ್ವ ಎಡೇನ," ಅಂದ.

"ಮನೇಲಿ ಯಾರವ್ರೆ? ಹುಳಿಮಾವು ಕಡೆ ನಡಿ."

"ಅಲ್ಲಿ ಎಲ್ಲಿ ಅಂತ ಹುಡುಕೋದು?"

"ನಡಿ ಅಂದ್ನಲ್ಲ."

ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅರೆಕೆರೆ ದಾಟಿ ಹುಳಿಮಾವು ಮುಟ್ಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಒಳರಸ್ತೆಗಳಲ್ಲಿ ತಿರುಗಿದರು. ಮಣ್ಣು ತುಂಬಿಸಿದ ಸೈಟು ಒಂದೇ ಎರಡೇ. ಕೆಲವದರ ಮೇಲೆ ಆಗಲೇ ಗೋಡೆ ಎದ್ದು ಬಾಗಿಲಿನ ಚೌಕಟ್ಟಿಗೆ ಮಾವಿನ ತೋರಣ ಕಟ್ಟಿದ್ದರು. ಕೆಲವು ಕಡೆ ಪಾಯ ಹಾಕಿದ್ದರು. ಎಲ್ಲ ಕಡೆಯೂ ಅದೇ ಕೆಂಪು ಮಣ್ಣು. ಪ್ರತಿ ಸೈಟಿನ ಮುಂದೆಯೂ ಶಿವರಾಮ್ ಕಾರು ನಿಧಾನ ಮಾಡುವನು, ಬೈರಮ್ಮ ಕಿಟಕಿಯಿಂದ ನೋಡುವಳು, "ಮುಂದಕ್ಕೆ ಹೋಗು" ಅನ್ನುವಳು. ಏನನ್ನು ನೋಡಿ ಬೇಡ ಅನ್ನುತ್ತಿದ್ದಾಳೆ ಎಂದು ಚೈತ್ರಳಿಗೆ ಅರ್ಥವಾಗಲಿಲ್ಲ.

ಕೊನೆಗೆ ಒಂದು ಖಾಲಿ ಸೈಟಿನ ಮುಂದೆ ನಿಲ್ಲಿಸು ಅಂದಳು. ಅಲ್ಲೇನೂ ವಿಶೇಷವಿರಲಿಲ್ಲ. ಅವಳಿಗೆ ಸಾಕಾಗಿತ್ತು, ಅಷ್ಟೇ. ಮಣ್ಣು ಹರಡಿ ಮಟ್ಟ ಮಾಡಿದ್ದರು, ನಾಲ್ಕು ಕಡೆ ಕಲ್ಲು ನೆಟ್ಟು ದಾರ ಕಟ್ಟಿದ್ದರು. ಬೈರಮ್ಮ ಸೆರಗು ಸಿಕ್ಕಿಸಿಕೊಂಡು ದಾರ ದಾಟಿದಳು. ಚೈತ್ರ ಎಲೆ ಹಾಸಿದಳು. ಮುದ್ದೆ ಆರಿ ಗಟ್ಟಿಯಾಗಿತ್ತು. ಸಾರಿನ ಮೇಲೆ ಕೊಬ್ಬು ಕಟ್ಟಿತ್ತು.

ಎದುರು ಮನೆಯ ಗೇಟು ಸದ್ದಾಯಿತು. ನೈಟಿಯ ಮೇಲೆ ಟವಲ್ ಹೊದ್ದ ಹೆಂಗಸೊಬ್ಬಳು ಓಡಿ ಬಂದಳು.

"ಏಯ್ ಅಜ್ಜಿ! ಖಾಲಿ ಸೈಟ್ ಕಂಡ್ರೆ ಸಾಕಾ ನಿಮಗೆ? ಕಾರಲ್ಲಿ ಬಂದು ಕಸ ಹಾಕ್ತೀರಲ್ರೀ, ನಾಚ್ಕೆ ಆಗಲ್ವಾ? ಮೊದ್ಲು ಎತ್ಕೊಳ್ಳಿ ಅದನ್ನ!"

ಬೈರಮ್ಮ ಬಾಯಿ ತೆರೆಯುವ ಮೊದಲೇ ಶಿವರಾಮ್ ಮುಂದೆ ಬಂದ.

"ಕಸ ಅಲ್ಲಮ್ಮ. ನಮ್ಮಪ್ಪನ ಎಡೆ."

"ನಿಮ್ಮಪ್ಪನ ಎಡೆ ನಮ್ ಸೈಟಲ್ಲಿ ಯಾಕ್ರೀ ಇಡ್ತೀರಾ?"

"ನಮ್ಮಪ್ಪ..." ಶಿವರಾಮ್ ಸೈಟಿನ ಮಣ್ಣಿನ ಕಡೆ ಕೈ ತೋರಿಸಿದ. ಆಮೇಲೆ, ಬೀದಿಯ ಆಚೆಯವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದ. "ನಮ್ಮಪ್ಪನ್ನ ಇಲ್ಲಿಗೆ ತಂದು ಸುರಿದವ್ರಮ್ಮ. ಮಣ್ಣಿನ ಜೊತೆ. ನಮ್ಮಪ್ಪ ಬೋರಣ್ಣ ಅಂತ. ಮೂಳೆ ಇಲ್ಲಿರ್ಬೋದು."

ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಬೈಗುಳವೆಲ್ಲ ಬಾಯಲ್ಲೇ ಆರಿಹೋಯಿತು. "ಏನ್ ಹೇಳ್ತಿದೀರಾ? ಇಲ್ಲಿ ಹೆಣ ಇದೆಯಾ?" ಗೇಟಿನ ಬಳಿ ಪುಟ್ಟ ಮಗುವೊಂದು ಬಂದು ನಿಂತಿತ್ತು. ಅವಳು ಅದನ್ನು ಎತ್ತಿಕೊಂಡಳು. "ಅಯ್ಯೋ ದೇವ್ರೇ. ಬುಧವಾರ ಗುದ್ದಲಿ ಪೂಜೆ ಇಟ್ಕೊಂಡಿದೀವಿ. ಊರಲ್ಲಿದ್ದ ಒಂದು ತೋಟ ಮಾರಿ ಈ ಸೈಟ್ ತಗೊಂಡಿದೀವಿ ಅಣ್ಣ. ನಮ್ಮತ್ತೆಗೆ ಗೊತ್ತಾದ್ರೆ ಇಲ್ಲಿ ಕಾಲಿಡಲ್ಲ. ನಿಜ ಹೇಳಿ, ಇಲ್ಲೇ ಇದಾರಾ?"

ಶಿವರಾಮ್ ತಾಯಿಯ ಕಡೆ ನೋಡಿದ.

ಬೈರಮ್ಮ ಬಗ್ಗಿದಳು. ಮುದ್ದೆಯನ್ನು ಎಲೆಯಲ್ಲೇ ಸುತ್ತಿದಳು, ಬೀಡಿ ಕಟ್ಟನ್ನು ಎತ್ತಿಕೊಂಡಳು, ಸಾರು ಚೆಲ್ಲಿದ್ದ ಕಡೆ ಮಣ್ಣೆಳೆದಳು. ಚೈತ್ರ ಹಿಡಿದುಕೊಳ್ಳಲು ಬಂದರೆ ಕೈ ಕೊಡದೆ ತಾನೇ ಎದ್ದಳು.

"ಇಲ್ಲ ಕಣವ್ವ," ಅಂದಳು. "ನನ್ ಮಗಂಗೆ ತಲೆ ಸರಿಯಿಲ್ಲ. ಇಲ್ಲಿ ಯಾರೂ ಇಲ್ಲ. ನೀನು ಧೈರ್ಯವಾಗಿ ಮನೆ ಕಟ್ಕೋ."

ದಾರ ದಾಟಿ ಬಂದು, ಎಲೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಕುಳಿತಳು. ಹೆಂಗಸು ಮಗುವನ್ನು ಎತ್ತಿಕೊಂಡು ಇನ್ನೂ ಅಲ್ಲೇ ನಿಂತಿದ್ದಳು. ಶಿವರಾಮ್ ಕಾರು ಹೊರಡಿಸಿದ. ಎಲ್ಲಿಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.